ವಾದದ ಮನೆಯ ನೆಲ

ನಮ್ಮೂರಿನಲ್ಲಿ ಹಪ್ಪಳ ಒಣಗಬೇಕೆಂದರೆ ವಿದ್ವಾಂಸರು ಜಗಳವಾಡಬೇಕು. ಹೊರಗಿನಿಂದ ಸೊಸೆಯರಾಗಿ ಬಂದವರು ಇದನ್ನು ಕೇಳಿ ಮೊದಲು ನಗುತ್ತಾರೆ. ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಅವರೂ ಒದ್ದೆ ಸೀರೆಗಳನ್ನು ಹೆಗಲ ಮೇಲೆ ಹಾಕಿಕೊಂಡು ವಾದದ ಮನೆಯ ಬಾಗಿಲಲ್ಲಿ ನಮ್ಮ ಜೊತೆ ಸಾಲು ನಿಂತಿರುತ್ತಾರೆ. ಬಿಸಿಲು ನಮ್ಮೂರಿಗೆ ದೂರದ ನೆಂಟ; ಬಂದರೂ ಬಾಗಿಲಲ್ಲೇ ನಿಂತು ಮಾತಾಡಿಸಿ ಹೊರಟುಬಿಡುತ್ತದೆ. ಉಳಿದ ಹೊತ್ತೆಲ್ಲ ಮಂಜು. ಎದುರು ಮನೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹಸು ಮೇವು ಮುಗಿಸಿ ಬರುವಾಗ ಮೊದಲು ಗಂಟೆಯ ಸದ್ದು ಬರುತ್ತದೆ, ಆಮೇಲೆ ಮೂಗು, ಆಮೇಲೆ ಹಸು. ಇಂಥ ಊರಿನಲ್ಲಿ ಬೆಚ್ಚಗಿರುವ ಜಾಗ ಒಂದೇ, ಅದು ವಾದದ ಮನೆಯ ಕಲ್ಲಿನ ನೆಲ.

ಆ ಮನೆಯಲ್ಲಿ ಪ್ರತಿ ಸಂತೆಯ ದಿನ ಒಂದು ಖಂಡನಪತ್ರ ಓದುತ್ತಾರೆ. ಓದುವವರು ಬರೆದವರಲ್ಲ; ಬರೆದವರು ಅಲ್ಲಿ ಬಾಯಿ ಬಿಡುವಂತಿಲ್ಲ. ಯಾರನ್ನು ಖಂಡಿಸಿ ಬರೆದಿದೆಯೋ ಅವರೇ ಅದನ್ನು ಕೈಯಲ್ಲಿ ಹಿಡಿದು, ತಮ್ಮ ಬಾಯಿಂದಲೇ, ಎಲ್ಲರಿಗೂ ಕೇಳುವಂತೆ ಓದಬೇಕು. ದನಿ ಏರಿಸುವಂತಿಲ್ಲ, ನಡುವೆ ನಿಲ್ಲಿಸುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಹೀಗೇಕೆ ಎಂದು ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಓದು ಸಾಗಿದ ಹಾಗೆ ಕಾಲಡಿಯ ಕಲ್ಲು ಬಿಸಿಯಾಗುತ್ತ ಹೋಗುತ್ತದೆ. ಆ ಬಿಸಿ ಮುಂದಿನ ಸಂತೆಯವರೆಗೂ ನಿಲ್ಲುತ್ತದೆ. ಅಲ್ಲಿ ನಾವು ಹಪ್ಪಳ ಹರಡುತ್ತೇವೆ, ಕಂಬಳಿ ಹಾಸುತ್ತೇವೆ, ವಯಸ್ಸಾದವರು ಮಂಡಿ ಚಾಚಿಕೊಂಡು ತೂಕಡಿಸುತ್ತಾರೆ.

ಏನು ಬರೆದರೆ ಎಷ್ಟು ಬಿಸಿ ಎಂಬುದು ನಮ್ಮ ಹೆಂಗಸರಿಗೆಲ್ಲ ಬಾಯಿಪಾಠ. ‘ಮಾನ್ಯ ಪ್ರತಿವಾದಿಗಳು ಈ ಅಂಶವನ್ನು ಗಮನಿಸಿದಂತೆ ತೋರುವುದಿಲ್ಲ’ ಎಂದರೆ ಅಕ್ಕಿ ಸಂಡಿಗೆಗೆ ಸಾಕು. ‘ಅವರ ದೀರ್ಘ ಪರಿಶ್ರಮವನ್ನು ಗೌರವಿಸುತ್ತಲೇ’ ಎಂದು ಶುರುವಾದರೆ ಉದ್ದಿನ ಹಪ್ಪಳ ಧೈರ್ಯವಾಗಿ ಹರಡಬಹುದು. ‘ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಮಾತು ಬಂತೋ, ದಪ್ಪ ಕಂಬಳಿ ತರಲು ಮನೆಗೆ ಓಡುತ್ತಿದ್ದೆವು. ಬಾಯಿಬಿಟ್ಟು ಬೈದರೆ ಮಾತ್ರ ಏನೂ ಗಿಟ್ಟುವುದಿಲ್ಲ. ಹೊಸದಾಗಿ ವಾದಕ್ಕಿಳಿದ ತರುಣನೊಬ್ಬ ತನ್ನ ಪತ್ರದಲ್ಲಿ ಎದುರಾಳಿಯನ್ನು ಕತ್ತೆ ಎಂದೇ ಬರೆದಿದ್ದ. ನೆಲ ತಣ್ಣಗೆ ಬಿದ್ದುಕೊಂಡಿತ್ತು. ಒದ್ದೆ ಹಪ್ಪಳಗಳ ಮುಂದೆ ಕೂತಿದ್ದ ನಮ್ಮ ಓಣಿಯ ಮರಿಬಸಮ್ಮನಿಗೆ ರೇಗಿಹೋಯಿತು. “ಏನಪ್ಪಾ, ಮರ್ಯಾದೆಯಾಗಿ ಬೈಯೋಕೂ ಬರಲ್ವಾ ನಿಂಗೆ? ಇಷ್ಟು ಓದಿ ಏನ್ ಬಂತು?” ಎಂದು ಎಲ್ಲರೆದುರೇ ಕೇಳಿಬಿಟ್ಟಳು.

ಮರ್ಯಾದೆಯಾಗಿ ಬೈಯುವುದರಲ್ಲಿ ನನ್ನ ಗಂಡ ಪರ್ವತಯ್ಯನವರನ್ನೂ ನನ್ನ ಅಣ್ಣ ಗುರುಶಾಂತಯ್ಯನನ್ನೂ ಮೀರಿಸುವವರು ಇರಲಿಲ್ಲ. ಅವರ ವಾದ ವಾದದ ಮನೆಯ ನಡುಗಂಬದ ಮೇಲಿನ ಒಂದು ಶಿಲ್ಪದ ಬಗ್ಗೆ. ಶಿಲ್ಪದಲ್ಲಿರುವವನು ಊರು ಕಟ್ಟಿದ ಮೂಲಪುರುಷ. ಕೈಯಲ್ಲಿ ಉದ್ದನೆಯ ಹಿಡಿಯ, ತುದಿ ಅಗಲವಾದ ಏನೋ ಇದೆ. ಅದು ಸೌಟು, ನಮ್ಮ ಹಿರಿಯರು ದಾರಿಹೋಕರಿಗೆ ಅನ್ನ ಹಾಕುತ್ತಿದ್ದ ಬಾಣಸಿಗರು ಎಂದು ನನ್ನ ಗಂಡ. ಅದು ದೋಣಿಯ ಹುಟ್ಟು, ನಮ್ಮ ಹಿರಿಯರು ಅಂಬಿಗರು ಎಂದು ಅಣ್ಣ. ಈಗ ನೋಡಿದರೆ ಊರಲ್ಲಿ ನದಿಯೂ ಇಲ್ಲ, ಅನ್ನಕ್ಕೆ ಕಾದು ನಿಂತ ದಾರಿಹೋಕರೂ ಇಲ್ಲ. ಇಬ್ಬರೂ ಒಂದೇ ಗುರುವಿನ ಹತ್ತಿರ, ಒಂದೇ ಚಾಪೆಯ ಮೇಲೆ ಮಲಗಿ ಓದಿದವರು. ನನ್ನನ್ನು ತನ್ನ ಗೆಳೆಯನಿಗೇ ಕೊಡಬೇಕೆಂದು ಹಟ ಹಿಡಿದು ಮದುವೆ ಮಾಡಿಸಿದವನು ಅಣ್ಣನೇ. ಸೌಟು ಹುಟ್ಟಿನ ವಾದ ಶುರುವಾದ ಮೇಲೆ ಅವನು ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಬೀದಿಯಲ್ಲಿ ಮಂಜಿನೊಳಗಿಂದ ಒಬ್ಬರಿಗೊಬ್ಬರು ಎದುರಾದರೆ ಇಬ್ಬರೂ ಮತ್ತೆ ಮಂಜಿನೊಳಗೇ ಹೊಕ್ಕುಬಿಡುತ್ತಿದ್ದರು. ಮಾತೇನಿದ್ದರೂ ಪತ್ರದಲ್ಲಿ.

ಆ ಪತ್ರಗಳೋ, ಊರಿನಲ್ಲೇ ಅತಿ ಬಿಸಿ! ಮನೆಯಲ್ಲಿ ನಮ್ಮವರು ಉಪ್ಪಿಲ್ಲದ ಗಂಜಿಯಂಥ ಮನುಷ್ಯ. ಸಾರು ಕೆಟ್ಟರೂ ಉಣ್ಣುತ್ತಾರೆ, ಚೆನ್ನಾಗಾದರೂ ಉಣ್ಣುತ್ತಾರೆ. ಮಗಳು ಹುಟ್ಟಿದ ದಿನವೂ “ಸೊಪ್ಪು ತಂದಿದ್ದೀನಿ” ಎಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟು ಹೋದವರು. ಅಂಥವರು ನನ್ನ ಅಣ್ಣನಿಗೆ ‘ವಿನಮ್ರವಾಗಿ’ ಎಂದೊಂದು ಪದ ಬರೆದರೆ ನೆಲ ಕಾಲಿಡಲಾಗದಷ್ಟು ಕಾಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ನನ್ನ ಮೇಲೆ ಅಷ್ಟು ಸಿಟ್ಟಾದರೂ ಬರಬಾರದೇ ಅನ್ನಿಸುತ್ತಿತ್ತು. ಹೌದು, ಅದು ಸಿಟ್ಟು ಎಂದೇ ನಾವೆಲ್ಲ ತಿಳಿದಿದ್ದೆವು. ಸಿಟ್ಟಿಲ್ಲದೆ ಕಲ್ಲು ಕಾಯುತ್ತದೆಯೇ? ಆದ್ದರಿಂದ ಅವರಿಬ್ಬರನ್ನು ರಾಜಿ ಮಾಡಿಸಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಇಬ್ಬರೂ ನೂರು ವರ್ಷ ಹೀಗೇ ಜಗಳವಾಡಿಕೊಂಡಿರಲಿ ಎಂದು ಮುತ್ತೈದೆಯರು ಹರಸುತ್ತಿದ್ದರು.

ಹೀಗಿರುವಾಗ ನನ್ನ ಮಗಳು ನೀಲಮ್ಮ ಬಾಣಂತನಕ್ಕೆ ಬಂದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ನನ್ನ ಅಂಗೈಯಿಂದ ಮೊಳಕೈವರೆಗೆ ಮಲಗಿಸಿದರೆ ಇನ್ನೂ ಜಾಗ ಮಿಗುತ್ತಿತ್ತು. ಅಳು ಎಂದರೆ ಬಾಗಿಲ ಸಂದಿಯ ಗಾಳಿಯಷ್ಟು ಸದ್ದು. ಸೂಲಗಿತ್ತಿ ಕೆಂಚಮ್ಮ ಅದರ ಕಾಲು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದಳು.

“ಇದಕ್ಕಿನ್ನೂ ಹೊಟ್ಟೆಯೊಳಗಿನ ಬಿಸಿ ಬೇಕು ಕಣವ್ವಾ. ಆತುರ ಮಾಡ್ಕೊಂಡು ಈಚೆ ಬಂದ್ಬಿಟ್ಟಿದೆ. ಬೆಚ್ಚಗಿದ್ರೆ ಉಳೀತದೆ, ಇಲ್ದಿದ್ರೆ ನನ್ನ ಕೇಳ್ಬೇಡಿ.”

ತಾಯಿಯ ಮೈಯೇ ಒಳ್ಳೆಯದು. ಆದರೆ ನೀಲಾ ಚಳಿಜ್ವರದಲ್ಲಿ ನಡುಗುತ್ತಿದ್ದಳು. ಒಲೆಯ ಪಕ್ಕ ಇಡೋಣವೆಂದರೆ ನಮ್ಮೂರಿನ ಸೌದೆ ಯಾವಾಗಲೂ ಹಸಿ. ಬೆಂಕಿಗಿಂತ ಹೊಗೆ ಹೆಚ್ಚು. ಮಗು ಒಂದೇ ಸಲ ಕೆಮ್ಮಿ ನೀಲಿಗಟ್ಟಿತು. ನಾನು ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ವಾದದ ಮನೆಗೆ ಓಡಿದೆ. ನಡುಗಂಬದ ಬುಡವೇ ಎಲ್ಲಕ್ಕಿಂತ ಬಿಸಿಯಾದ ಜಾಗ. ಮರಿಬಸಮ್ಮ ಒಂದು ಮಾತೂ ಕೇಳದೆ ತನ್ನ ಹಪ್ಪಳಗಳನ್ನು ಗೋಡೆಯ ಕಡೆಗೆ ಸರಿಸಿದಳು. ಬಿಸಿ ಕಲ್ಲಿನ ಮೇಲೆ ಮೂರು ಮಡಿಕೆ ಹಚ್ಚಡ ಹಾಸಿ ಮಗುವನ್ನು ಮಲಗಿಸಿದೆವು. ಸಂಜೆಯ ಹೊತ್ತಿಗೆ ಅದರ ಹಿಮ್ಮಡಿಗೆ ಕೆಂಪು ಬಂತು. ಆ ಕೆಂಪು ನೋಡಿ ನಾನು ಕಂಬ ತಬ್ಬಿಕೊಂಡು ಅತ್ತೆ. ಮಗುವಿನ ಪಕ್ಕದಲ್ಲಿ ಕೂತಿರುವ ಕೆಲಸ ನಮ್ಮವರಿಗೆ ಬಿತ್ತು. ನನಗೆ ಮಗಳ ಪಥ್ಯ, ಕಷಾಯ, ಬಟ್ಟೆ. ಅವರಿಗಾದರೆ ಕೂತುಕೊಳ್ಳುವುದು ಅಭ್ಯಾಸವಾದ ಕೆಲಸ. ಹಾಲು ಕುಡಿಸುವ ಹೊತ್ತಿಗೆ ಕೆಂಚಮ್ಮ ಯಾರಾದರೊಬ್ಬ ಬಾಣಂತಿಯನ್ನು ಕರೆತರುತ್ತಿದ್ದಳು. ಉಳಿದ ಹೊತ್ತು ತಾತ, ಮೊಮ್ಮಗಳು, ಕಂಬ.

ಮುಂದಿನ ಸಂತೆಗೆ ನಮ್ಮವರ ಪತ್ರ ಬಂತು, ಅಣ್ಣ ಓದಿದ. ಅವನು ಓದುವ ಜಾಗದಲ್ಲಿ ನಿಂತರೆ ಮಗು ಅವನ ಪಾದದಿಂದ ಒಂದು ಮಾರು ದೂರದಲ್ಲಿ. ಒಮ್ಮೆಯೂ ಬಗ್ಗಿ ನೋಡಲಿಲ್ಲ ಆ ಮಹಾನುಭಾವ! ಓದು ಮುಗಿಯಿತು. ಮರಿಬಸಮ್ಮ ಅಂಗೈಯನ್ನು ನೆಲಕ್ಕೆ ಊರಿ ನನ್ನ ಕಡೆ ನೋಡಿದಳು. ನಾನೂ ಮುಟ್ಟಿದೆ. ಉಗುರುಬೆಚ್ಚಗೆ, ಅಷ್ಟೇ. ಅದರ ಮುಂದಿನ ಸಂತೆಯಲ್ಲಿ ಅಣ್ಣನ ಪತ್ರ. ಕೆಣಕದಿದ್ದರೆ ಅವನ ಲೇಖನಿಯೂ ಓಡುವುದಿಲ್ಲ. ನೆಲ ಇನ್ನೂ ಇಳಿಯಿತು. ಊರಿನ ಇತರ ವಿದ್ವಾಂಸರು ಪಾಪ, ತಾವೂ ಪತ್ರ ಬರೆದು ನೋಡಿದರು. ಒಂದರಿಂದಲೂ ಒಂದು ಕರವಸ್ತ್ರ ಒಣಗಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಕಂಬದ ಬುಡದಲ್ಲೇ ನಮ್ಮವರನ್ನು ಹಿಡಿದುಕೊಂಡೆ. “ಏನ್ರೀ, ಏನಾಗಿದೆ ನಿಮ್ಗೆ? ಕಲ್ಲು ತಣ್ಣಗಾಗ್ತಿದೆ, ಗೊತ್ತಾಗ್ತಿಲ್ವಾ?”

ಅವರು ಪಕ್ಕದ ಜಾಗ ತಟ್ಟಿ ತೋರಿಸಿದರು. “ಇಲ್ಲಿ ಮಲ್ಕೋ, ಚೆನ್ನಾಜಿ. ಮಲ್ಕೊಂಡು ಮೇಲೆ ನೋಡು.”

ಎಷ್ಟೋ ವರ್ಷಗಳ ಮೇಲೆ ಗಂಡ ಏನೋ ಒಂದು ಕೇಳಿಕೊಂಡಿದ್ದಾರೆ ಎಂದು ಮಲಗಿದೆ. ಕಂಬ ಮೇಲೆ ಮಬ್ಬಿನೊಳಗೆ ಹೋಗುತ್ತಿತ್ತು. ಮೂಲಪುರುಷನ ಕೈಯಲ್ಲಿದ್ದ ಆ ವಸ್ತುವಿನ ಅಗಲವಾದ ತುದಿಯ ಕೆಳಭಾಗ ಕಂಡಿತು. ಅಲ್ಲಿ ಕೂದಲಿನಷ್ಟು ತೆಳುವಾದ ಗೆರೆಗಳು, ಒಂದರ ಹಿಂದೆ ಒಂದು, ಬಾಗಿ ಬಾಗಿ ಹೋಗುತ್ತಿದ್ದವು. ನೀರು. ನೋಡುತ್ತ ನೋಡುತ್ತ ಕಂಬವೇ ತೇಲುತ್ತಿರುವಂತೆ, ನಾವು ಮೂವರೂ ಅದರ ಕೆಳಗೆ ಮೆಲ್ಲಗೆ ಎಲ್ಲಿಗೋ ಸಾಗುತ್ತಿರುವಂತೆ ಅನ್ನಿಸಿತು.

“ಹುಟ್ಟು,” ಎಂದರು ನಮ್ಮವರು. “ಮಗು ಪಕ್ಕ ಮಲಗಿದ್ದಾಗ ಕಂಡಿತು. ನಾವು ಯಾವತ್ತೂ ನಿಂತೇ ನೋಡಿದ್ವಿ. ಅವನು ಹೇಳಿದ್ದೇ ಸರಿ.”

ನನಗೆ ಸೌಟಾದರೇನು, ಹುಟ್ಟಾದರೇನು! “ಸರಿ, ಹುಟ್ಟು. ಅದನ್ನ ನಿಮ್ಮ ಹೊಟ್ಟೇಲೇ ಇಟ್ಕೊಳ್ಳಿ. ಸೌಟು ಅಂತಲೇ ಬರೀರಿ. ಅಣ್ಣನ ಮೇಲೆ ಚೆನ್ನಾಗಿ ಸಿಟ್ಟು ಮಾಡ್ಕೊಂಡು ಬರೀರಿ. ನಿಮ್ಮ ಕಾಲು ಹಿಡ್ಕೋತೀನಿ” ಎಂದೆ. ಅವರು ಮಗುವಿನ ಮುಖ ನೋಡಿದರು, ಹೂಂ ಎಂದರು. ಪಾಪ, ಬರೆದರೂ ಬರೆದರು. ‘ವಿನಮ್ರವಾಗಿ’ಗಳನ್ನು ಸಾಲಿಗೊಂದರಂತೆ ಪೋಣಿಸಿದರು, ಪರಿಶ್ರಮವನ್ನು ಗೌರವಿಸಿದರು, ಗಮನಿಸಿದಂತೆ ತೋರುವುದಿಲ್ಲ ಎಂದರು. ಅಣ್ಣ ಅದನ್ನು ಓದಿ ಮುಗಿಸಿದ ಮೇಲೆ ಹುಬ್ಬು ಗಂಟಿಕ್ಕಿದ. ಕಲ್ಲು ಬಾವಿಯ ಕಟ್ಟೆಯಷ್ಟು ತಣ್ಣಗಾಯಿತು. ಮಗುವಿನ ತುಟಿಯ ಸುತ್ತ ಮತ್ತೆ ಆ ನೀಲಿ ಬಂತು. ಊರಿನ ಹೆಂಗಸರೆಲ್ಲ ಸರದಿಯ ಮೇಲೆ ಅದನ್ನು ಎದೆಗವಚಿಕೊಂಡು ಕೂತರು.

ಅಣ್ಣನ ಮನೆಗೇ ಹೋದೆ. ಅವನನ್ನಾದರೂ ಕೆರಳಿಸೋಣವೆಂದು ಬಾಯಿಗೆ ಬಂದ ಸುಳ್ಳೆಲ್ಲ ಹೇಳಿದೆ. “ಅವರು ನಿನ್ನ ಪೊಳ್ಳು ಪಂಡಿತ ಅಂತಾರೆ ಅಣ್ಣಾ. ನಿನ್ನ ಪತ್ರನೆಲ್ಲ ಒಲೆಗೆ ಹಾಕೋಕೂ ಲಾಯಕ್ಕಿಲ್ಲ ಅಂತಾರೆ.”

ಅಣ್ಣ ಕನ್ನಡಕದ ಮೇಲಿಂದ ನೋಡಿದ. “ಚೆನ್ನೀ, ಸುಳ್ಳು ಹೇಳೋಕೂ ಒಂದು ಮುಖ ಬೇಕು. ಅವನು ಹಾಗನ್ನಲ್ಲ. ಅನ್ನೋಕೆ ಬರಲ್ಲ ಅವನಿಗೆ.” ಕಿಟಕಿಯ ಕಡೆ ತಿರುಗಿ ಕೇಳಿದ, “ಕೂಸು ಹೇಗಿದೆ?”

“ಅಲ್ಲೇ ಕಾಲ ಹತ್ರ ಮಲಗಿತ್ತಲ್ಲ, ಕಣ್ಣು ಬಿಟ್ಟು ನೋಡೋಕೇನಾಗಿತ್ತು?”

ನಾನು ಅಲ್ಲಿಂದ ಅಳುತ್ತ ಬಂದೆ. ಮನೆಗೆ ಬಂದರೆ ನಮ್ಮವರು ಬರೆಯುತ್ತಿದ್ದರು. ಒಂದೇ ಹಾಳೆ. ಏನೆಂದು ಕೇಳಿದೆ. ವಾದ ಹಿಂತೆಗೆದುಕೊಳ್ಳುತ್ತಿದ್ದೇನೆ, ಎಂದರು.

ಅಂದು ನಾನು ಆಡಿದ ಮಾತುಗಳನ್ನೆಲ್ಲ ಬರೆದರೆ ಕಾಗದಕ್ಕೇ ನಾಚಿಕೆ. “ಮೊಮ್ಮಗಳಿಗಿಂತ ನಿಮ್ಮ ಹುಟ್ಟು ದೊಡ್ಡದಾಯ್ತೇನ್ರೀ? ವಾದ ಮುಗಿದ್ರೆ ಕಲ್ಲಿಗೆ ಇನ್ಯಾವತ್ತೂ ಬಿಸಿ ಬರಲ್ಲ. ಕೂಸಿನ ಕುತ್ತಿಗೆ ನೀವೇ ಹಿಸುಕಿದ ಹಾಗೆ!” ಎಂದು ಕಿರುಚಿದೆ. ಒಳಗಿಂದ ನೀಲಾ “ಅಮ್ಮಾ, ಬೇಡಮ್ಮಾ” ಎಂದು ಅಳುತ್ತಿದ್ದಳು.

ಅವರು ತಲೆ ತಗ್ಗಿಸಿಯೇ ಹೇಳಿದರು. “ಸುಳ್ಳು ಬರೆದು ನೋಡಿದ್ನಲ್ಲ ಚೆನ್ನಾಜಿ. ಇನ್ನಷ್ಟು ತಣ್ಣಗಾಯ್ತು. ಇನ್ನು ನನ್ನ ಹತ್ರ ಇರೋದು ಇದೊಂದೇ.” ನನಗೆ ಕರುಣೆ ಬರಲಿಲ್ಲ. ಆ ಗಳಿಗೆಯಲ್ಲಿ ನನಗೆ ಆ ಮನುಷ್ಯ ಬೇಡವಾಗಿದ್ದರು.

ಸಂತೆಯ ದಿನ ಬಂತು. ಸುದ್ದಿ ಹೇಗೋ ಹಬ್ಬಿತ್ತು. ಇದೇ ಕೊನೆಯ ಓದು, ಇನ್ನು ನೆಲ ತಣ್ಣಗೆ ಎಂದು ಜನ ಬೇಸರದಿಂದಲೇ ಬಂದಿದ್ದರು. ಯಾರೂ ಹಪ್ಪಳ ತಂದಿರಲಿಲ್ಲ. ಮಂಜು ಬಾಗಿಲಿನಿಂದ ಒಳಕ್ಕೆ ಬಂದು ಕಂಬಗಳ ನಡುವೆ ಸುತ್ತಾಡುತ್ತಿತ್ತು. ನಾನು ಮಗುವನ್ನು ಹಚ್ಚಡದ ಮೇಲೆ ಮಲಗಿಸಿ, ಎರಡೂ ಕೈಯಿಂದ ಮುಚ್ಚಿ ಕೂತೆ. ಅದರ ಉಸಿರು ಹತ್ತಿಯ ಎಳೆಯನ್ನೂ ಅಲುಗಿಸುತ್ತಿರಲಿಲ್ಲ. ಅಣ್ಣ ಹಾಳೆ ಬಿಡಿಸಿ ಓದತೊಡಗಿದ.

‘ಕಂಬದ ಶಿಲ್ಪದ ಕೈಯಲ್ಲಿರುವ ವಸ್ತುವಿನ ಕುರಿತು ಈ ಲೇಖಕನು ಇದುವರೆಗೆ ಮಂಡಿಸಿದ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಲಾಗಿದೆ. ಅದು ಹುಟ್ಟು. ಕೆಳಗಿನಿಂದ ನೋಡಿದಲ್ಲಿ ಅಲೆಯ ಗೆರೆಗಳು ಸ್ಪಷ್ಟವಾಗಿವೆ. ಈ ಲೇಖಕನು ಇಷ್ಟು ಕಾಲ ನಿಂತು ನೋಡಿದ್ದನು.’

ಜನರಲ್ಲಿ ಗುಜುಗುಜು ಎದ್ದಿತು. ಅಣ್ಣ ತಲೆ ಎತ್ತಲಿಲ್ಲ. ಅದೇ ದನಿಯಲ್ಲಿ ಮುಂದುವರಿಸಿದ.

‘ಈ ಅಭಿಪ್ರಾಯವನ್ನು ಪ್ರತಿವಾದಿಗಳು ಮೊದಲ ದಿನವೇ ಸೂಚಿಸಿದ್ದರು. ಸೂಚಿಸಿದ್ದು ಈ ಲೇಖಕನ ಮನೆಯ ಪಡಸಾಲೆಯಲ್ಲಿ. ಆಗ ಈ ಲೇಖಕನು ನಕ್ಕಿದ್ದನು. ನಗುವುದಕ್ಕೆ ಸಾಕಷ್ಟು ಆಧಾರಗಳಿರಲಿಲ್ಲ.’

ನನ್ನ ಮಂಡಿಯ ಕೆಳಗೆ ಏನೋ ಹರಿದಂತಾಯಿತು. ನಡುಕವಿರಬೇಕು ಅಂದುಕೊಂಡೆ.

‘ಅಂದು ಒಳಗೆ ಊಟಕ್ಕೆ ಎಲೆ ಹಾಕಲಾಗಿತ್ತು. ಪ್ರತಿವಾದಿಗಳು ಉಣ್ಣದೆ ಹೋದರು. ಆ ಬಳಿಕ ಹಬ್ಬದ ದಿನಗಳಲ್ಲಿ ಈ ಲೇಖಕನು ತನ್ನ ಎಲೆಯ ಬಲಕ್ಕೆ ಇನ್ನೊಂದು ಎಲೆಯಷ್ಟು ಜಾಗ ಬಿಟ್ಟು ಕೂರುವ ರೂಢಿಯನ್ನು ಇರಿಸಿಕೊಂಡಿರುತ್ತಾನೆ. ಇದಕ್ಕೂ ಮೂಲ ವಿಷಯಕ್ಕೂ ನೇರ ಸಂಬಂಧವಿಲ್ಲ. ಪೂರ್ಣತೆಯ ದೃಷ್ಟಿಯಿಂದ ಸೂಚಿಸಲಾಗಿದೆ.’

ಆ ಜಾಗ! ಮೊಳಕೈಗೆ ಅಡ್ಡವಾಗುತ್ತದೆಂದು ಬಿಡುತ್ತಾರೆ ಅಂದುಕೊಂಡು ನಾನು ಪ್ರತಿ ಹಬ್ಬಕ್ಕೂ ಅಲ್ಲಿ ನೀರಿನ ತಂಬಿಗೆ ಇಡುತ್ತಿದ್ದೆ. ಅವರು ಒಮ್ಮೆಯೂ ಏನೂ ಅನ್ನದೆ ತಂಬಿಗೆಯನ್ನು ಎಡಕ್ಕೆ ಎತ್ತಿಡುತ್ತಿದ್ದರು. ಅಣ್ಣನ ದನಿ ಏರಲಿಲ್ಲ, ಒಡೆಯಲಿಲ್ಲ, ಕೊನೆಯ ಪದದವರೆಗೂ ಗದ್ದೆಯ ಬದುವಿನ ಮೇಲೆ ನಡೆಯುವವನಂತೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋಯಿತು. ‘ಪೂರ್ಣತೆಯ ದೃಷ್ಟಿಯಿಂದ’ ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರು ಒಬ್ಬೊಬ್ಬರಾಗಿ ಪಾದ ಎತ್ತಿಕೊಂಡರು. “ಅಯ್ಯೋ, ಅಯ್ಯೋ” ಎನ್ನುತ್ತ ಹೆಂಗಸರು ಎದ್ದು ನಿಂತರು. ಬಾಗಿಲಿನಿಂದ ಬಂದಿದ್ದ ಮಂಜು ನೆಲ ಮುಟ್ಟಿದ ಕಡೆಯಲ್ಲೆಲ್ಲ ಕರಗಿಹೋಯಿತು. ಕಂಬಗಳೆಲ್ಲ ಬುಡದಿಂದ ತುದಿಯವರೆಗೆ ಕಂಡವು. ಹಚ್ಚಡದೊಳಗಿಂದ ಒಂದು ಕಿರುಚಾಟ ಕೇಳಿತು. ಹುಟ್ಟಿದಾಗಿನಿಂದ ಅಂಥ ದನಿ ತೆಗೆದಿರದ ನನ್ನ ಮೊಮ್ಮಗಳು ಕೆಂಪು ಕೆಂಪಗೆ, ಮುಷ್ಟಿ ಬಿಗಿಹಿಡಿದು, ಊರಿಗೇ ಕೇಳುವಂತೆ ಅಳುತ್ತಿದ್ದಳು.

“ಸುಡ್ತದೆ, ಎತ್ಕೊಳ್ಳೇ!” ಎಂದು ಮರಿಬಸಮ್ಮ ಕೂಗಿದಳು. ಎತ್ತಿ ಹೆಗಲಿಗೆ ಹಾಕಿಕೊಂಡೆ. “ಇದು ಸಿಟ್ಟಲ್ಲ ಕಣೇ ಚೆನ್ನಾಜಿ. ಇಷ್ಟು ವರ್ಷ ಯಾವತ್ತೂ ಸಿಟ್ಟಾಗಿರಲಿಲ್ಲ” ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ನಮ್ಮವರ ಕಡೆ ನೋಡಿದೆ. ಎಲ್ಲರೂ ಕಾಲು ಬದಲಿಸುತ್ತ ಕುಣಿಯುತ್ತಿದ್ದರೆ ಅವರೊಬ್ಬರು ಬರಿಗಾಲಲ್ಲಿ ಆ ಕಲ್ಲಿನ ಮೇಲೆ ಅಲುಗಾಡದೆ ನಿಂತಿದ್ದರು. ಎದುರಿಗೆ ಅಣ್ಣನೂ ಹಾಗೇ.

ಓದು ಮುಗಿದ ಮೇಲೆ ಓದಿದವರು ಆಕ್ಷೇಪ ಇದೆ ಎಂದೋ ಇಲ್ಲವೆಂದೋ ಹೇಳಬೇಕು. ಇಲ್ಲವೆಂದರೆ ವಾದ ಅಲ್ಲಿಗೆ ಮುಗಿಯಿತು, ಆ ಇಬ್ಬರು ಮತ್ತೆ ಅದರ ಬಗ್ಗೆ ಬರೆಯುವಂತಿಲ್ಲ. ಅಣ್ಣ ಹಾಳೆಯನ್ನು ನೀಟಾಗಿ ಮಡಿಸಿದ. ಮೊದಲ ಬಾರಿಗೆ ಬಗ್ಗಿ, ನನ್ನ ಹೆಗಲ ಮೇಲಿದ್ದ ಕೂಸಿನ ಮುಖ ನೋಡಿದ. ತೋರುಬೆರಳಿನಿಂದ ಅದರ ಹಿಮ್ಮಡಿ ಮುಟ್ಟಿದ. ಆಮೇಲೆ ಸಭೆಯ ಕಡೆ ತಿರುಗಿದ.

“ಆಕ್ಷೇಪ ಇದೆ,” ಎಂದ. “ಹುಟ್ಟಿನ ವಿಷಯದಲ್ಲಿ ಅಲ್ಲ. ಎಲೆಯ ವಿಷಯದಲ್ಲಿ. ಮಾನ್ಯ ಲೇಖಕರ ನೆನಪನ್ನು ಗೌರವಿಸುತ್ತಲೇ ಹೇಳುವುದೇನೆಂದರೆ, ಅಂದು ಎಲೆ ಹಾಕಿರಲಿಲ್ಲ. ಹಾಕಿದ್ದು ಕಂಡಿದ್ದರೆ ಪ್ರತಿವಾದಿ ಎದ್ದು ಹೋಗುತ್ತಿರಲಿಲ್ಲ.”

“ಹಾಕಲಾಗಿತ್ತು,” ಎಂದರು ನಮ್ಮವರು, ನಿಯಮ ಮರೆತು, ಬಾಯಿಬಿಟ್ಟು. ಇಷ್ಟು ವರ್ಷಗಳ ಮೇಲೆ ಅಣ್ಣನ ಮುಖ ನೋಡಿ ಆಡಿದ ಮೊದಲ ಮಾತು. “ಹಾಕಲಾಗಿತ್ತು, ಗುರುಶಾಂತಾ.”

“ಸಾಕ್ಷಿ?”

ಇಬ್ಬರೂ ನನ್ನ ಕಡೆ ತಿರುಗಿದರು. ಸಭೆಯೆಲ್ಲ ತಿರುಗಿತು. ಎಲೆ ಹಾಕಿದವಳು ನಾನು. ನೀರು ಚಿಮುಕಿಸಿ ಒರೆಸಿ, ತುದಿಗೆ ಉಪ್ಪು, ಉಪ್ಪಿನಕಾಯಿ ಬಡಿಸಿ, ಅಣ್ಣನಿಗೆಂದೇ ಕಾಯಿಹೋಳಿಗೆ ಮಾಡಿದ್ದೆ. ಅವನು ಆ ಎಲೆಯನ್ನು ನೋಡಿಯೇ ಚಪ್ಪಲಿ ಮೆಟ್ಟಿದ್ದ. ಮೂರು ದಿನ ಆ ಹೋಳಿಗೆ ತಿಂದು ಮುಗಿಸಿದ್ದೂ ನಾನೇ. ಬಾಯಿಗೆ ಬಂದ ಮಾತನ್ನು ಎಂದೂ ನುಂಗಿದವಳಲ್ಲ ನಾನು. ಹೆಗಲ ಮೇಲಿನ ಮಗು ಅಳು ನಿಲ್ಲಿಸಿ, ಬೆಚ್ಚಗೆ, ನನ್ನ ಕುತ್ತಿಗೆಯ ಹತ್ತಿರ ಉಸಿರಾಡುತ್ತಿತ್ತು.

“ನಂಗೆ ನೆನಪಿಲ್ಲಪ್ಪಾ,” ಎಂದೆ. “ನೀವಿಬ್ರೇ ಬರೆದು ತೀರ್ಮಾನ ಮಾಡ್ಕೊಳ್ಳಿ.”